ಕಾರಿನ ಎ.ಸಿ. ತಂಪಾಗುತ್ತಿಲ್ಲವೇ? ಗ್ಯಾಸ್ ತುಂಬಿಸುವ ಮೊದಲು ದೋಷ ಹುಡುಕುವ ಬಗೆ

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದರೆ ಎ.ಸಿ. ಗ್ಯಾರೇಜುಗಳ ಮುಂದೆ ಕಾರುಗಳ ಸಾಲು ಬೆಳೆಯುತ್ತದೆ. ಬಂದವರಲ್ಲಿ ಹೆಚ್ಚಿನವರು ತೊಂದರೆ ಏನೆಂದು ಹೇಳುವುದಿಲ್ಲ, ಪರಿಹಾರವನ್ನೇ ಹೇಳುತ್ತಾರೆ: "ಗ್ಯಾಸ್ ಖಾಲಿಯಾಗಿದೆ, ತುಂಬಿಸಿಕೊಡಿ." ಕೇಳಿದಂತೆ ತುಂಬಿಸಿಕೊಡುತ್ತಾರೆ. ಕೆಲವು ವಾರ ತಂಪು ಬರುತ್ತದೆ, ಯುಗಾದಿ ಕಳೆಯುವಷ್ಟರಲ್ಲಿ ಮತ್ತೆ ಬೆವರು. ನಮ್ಮ ಮನೆಯ ಹಳೆಯ ಕಾರಿಗೆ ಹೀಗೆ ಎರಡು ಬೇಸಿಗೆ ಗ್ಯಾಸ್ ತುಂಬಿಸಿದೆವು. ಮೂರನೆಯ ವರ್ಷ ಬೇರೊಬ್ಬ ಮೆಕ್ಯಾನಿಕ್ ಟಾರ್ಚ್ ಹಿಡಿದು ಕಂಡೆನ್ಸರಿನ ಕೆಳಮೂಲೆಯಲ್ಲಿ ಅಂಗೈ ಅಗಲದ ಎಣ್ಣೆ ಕಲೆಯೊಂದನ್ನು ತೋರಿಸಿದರು. ಗ್ಯಾಸ್ ಹೊರಹೋಗುತ್ತಿದ್ದ ದಾರಿ ಅದೇ ಆಗಿತ್ತು. ಅದುವರೆಗೆ ಯಾರೂ ಅಲ್ಲಿ ಬೆಳಕು ಹಾಯಿಸಿರಲಿಲ್ಲ.

ಎ.ಸಿ. ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಗಳ ಒಳಗೆ ಅದೇ ಗ್ಯಾಸ್ ಮತ್ತೆ ಮತ್ತೆ ಸುತ್ತುತ್ತದೆ. ರಬ್ಬರ್ ಹೋಸ್‌ಗಳ ಮೂಲಕ ವರ್ಷಕ್ಕೆ ಅತ್ಯಲ್ಪ ಪ್ರಮಾಣ ಸೋರುವುದು ಸಹಜ. ಆದರೆ ಒಂದೇ ಬೇಸಿಗೆಯಲ್ಲಿ ಖಾಲಿಯಾಗುತ್ತಿದ್ದರೆ ಎಲ್ಲೋ ತೂತಿದೆ ಎಂದೇ ಅರ್ಥ. ಅಷ್ಟೇ ಅಲ್ಲ, ತಂಪು ಬಾರದಿರುವುದಕ್ಕೆ ಗ್ಯಾಸ್ ಕೊರತೆ ಅನೇಕ ಕಾರಣಗಳಲ್ಲಿ ಒಂದು ಮಾತ್ರ. ಉಳಿದವುಗಳಲ್ಲಿ ಬಹುಪಾಲನ್ನು ಕೈ, ಕಿವಿ ಮತ್ತು ಒಂದು ಅಗ್ಗದ ಥರ್ಮಾಮೀಟರಿನಿಂದಲೇ ಪತ್ತೆಹಚ್ಚಬಹುದು.

ತಂಪು ಹುಟ್ಟುವ ಬಗೆ

ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿ ಮಾಡುತ್ತದೆ. ಆ ಬಿಸಿ ಗ್ಯಾಸ್ ರೇಡಿಯೇಟರಿನ ಮುಂದಿರುವ ಕಂಡೆನ್ಸರಿಗೆ ಹೋಗಿ, ಗಾಳಿಗೆ ಶಾಖ ಬಿಟ್ಟುಕೊಟ್ಟು ದ್ರವವಾಗುತ್ತದೆ. ತೇವ ಹೀರುವ ಡ್ರೈಯರ್ ದಾಟಿದ ಮೇಲೆ ಎಕ್ಸ್‌ಪಾನ್ಷನ್ ವಾಲ್ವ್‌ನ ಕಿರಿದಾದ ರಂಧ್ರದಿಂದ ಚಿಮ್ಮಿದಾಗ ಒತ್ತಡ ಒಮ್ಮೆಲೇ ಇಳಿಯುತ್ತದೆ, ದ್ರವ ಕುದಿಯತೊಡಗುತ್ತದೆ. ನಮ್ಮ ರಸ್ತೆಗಳ ಬಹುಪಾಲು ಕಾರುಗಳಲ್ಲಿರುವ ಆರ್-134ಎ ಎಂಬ ಗ್ಯಾಸ್ ಸಾಮಾನ್ಯ ವಾಯುಒತ್ತಡದಲ್ಲಿ ಮೈನಸ್ 26 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಕುದಿಯಲು ಬೇಕಾದ ಶಾಖವನ್ನು ಅದು ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲ್‌ನ ಮೂಲಕ ಕ್ಯಾಬಿನ್ನಿನ ಗಾಳಿಯಿಂದ ಎಳೆದುಕೊಳ್ಳುತ್ತದೆ. ಮಣ್ಣಿನ ಹೂಜಿ ತನ್ನ ಮೈಯ ನೀರನ್ನು ಆವಿಯಾಗಿಸಿ ಒಳಗಿನ ನೀರನ್ನು ತಣ್ಣಗಿಡುವುದೂ ಇದೇ ತತ್ವದಿಂದ.

ಹೀಟರಿನ ಕಥೆ ಬೇರೆ. ಅಲ್ಲಿ ಗ್ಯಾಸ್ ಇಲ್ಲ. ಎಂಜಿನ್ನನ್ನು ತಣಿಸುವ ದ್ರವವಾದ ಕೂಲೆಂಟ್ ಬಿಸಿಯಾಗಿ ಡ್ಯಾಶ್‌ಬೋರ್ಡಿನೊಳಗಿನ ಇನ್ನೊಂದು ಪುಟ್ಟ ರೇಡಿಯೇಟರಿನಲ್ಲಿ ಹರಿಯುತ್ತದೆ, ಅದೇ ಹೀಟರ್ ಕೋರ್. ತಂಪು ಮತ್ತು ಬಿಸಿ ಗಾಳಿಯನ್ನು ಬೇಕಾದ ಪ್ರಮಾಣದಲ್ಲಿ ಬೆರೆಸಲು ಒಂದು ಬಾಗಿಲು ಇರುತ್ತದೆ. ಈ ಬಾಗಿಲನ್ನು ನೆನಪಿಟ್ಟುಕೊಳ್ಳಿ. ಇದರ ತಪ್ಪಿಗೆ ಕಂಪ್ರೆಸರ್ ಬದಲಾಯಿಸಿಕೊಂಡವರು ಇದ್ದಾರೆ.

ಕೈ ಹಾಕುವ ಮೊದಲು

ಒಂದು ಥರ್ಮಾಮೀಟರ್, ಒಂದು ಟಾರ್ಚ್, ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ಕಾರನ್ನು ಗಾಳಿಯಾಡುವ ನೆರಳಿನಲ್ಲಿ ನಿಲ್ಲಿಸಿ. ಸೀರೆಯ ಸೆರಗು, ದುಪಟ್ಟಾ, ಪಂಚೆಯ ಅಂಚು, ಸಡಿಲ ತೋಳು ಇವೆಲ್ಲ ಬೆಲ್ಟಿನ ಹತ್ತಿರ ಸುಳಿಯಬಾರದು. ಕೆಲವು ಕಾರುಗಳಲ್ಲಿ ಎಂಜಿನ್ ನಿಲ್ಲಿಸಿದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿಯೇ ತಿರುಗತೊಡಗುತ್ತದೆ, ಆದ್ದರಿಂದ ಅದರ ರೆಕ್ಕೆಗಳ ಬಳಿ ಕೈ ಬೇಡವೇ ಬೇಡ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಗ್ಯಾಸ್ ಕೊಳವೆಯ ಜೋಡಣೆಯನ್ನೂ ಮನೆಯಲ್ಲಿ ಬಿಚ್ಚಬಾರದು. ಚಿಮ್ಮುವ ದ್ರವ ತಗುಲಿದ ಚರ್ಮ ಹೆಪ್ಪುಗಟ್ಟುತ್ತದೆ, ಕಣ್ಣಿಗೆ ತಗುಲಿದರೆ ದೃಷ್ಟಿಗೇ ಅಪಾಯ. ಎಲೆಕ್ಟ್ರಿಕ್ ಮತ್ತು ಅನೇಕ ಹೈಬ್ರಿಡ್ ಕಾರುಗಳಲ್ಲಿ ಕಂಪ್ರೆಸರಿಗೆ ಕಿತ್ತಳೆ ಬಣ್ಣದ ತಂತಿ ಹೋಗಿರುತ್ತದೆ. ಅದರಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುವುದರಿಂದ ಅಂಥ ಕಾರಿನಲ್ಲಿ ಗಾಳಿಯ ಹರಿವು ಮತ್ತು ಫಿಲ್ಟರ್ ನೋಡುವುದಕ್ಕಷ್ಟೇ ನಿಮ್ಮ ಕೆಲಸ ಸೀಮಿತವಾಗಿರಲಿ.

ಮೊದಲ ಪ್ರಶ್ನೆ: ಗಾಳಿ ಬರುತ್ತಿದೆಯೇ?

"ಎ.ಸಿ. ಸರಿಯಿಲ್ಲ" ಎಂಬ ಮಾತಿನೊಳಗೆ ಎರಡು ಬೇರೆ ದೂರುಗಳು ಅಡಗಿರುತ್ತವೆ. ಗಾಳಿಯೇ ಸಾಲದು ಎಂಬುದು ಒಂದು, ಗಾಳಿ ಬೇಕಾದಷ್ಟಿದ್ದರೂ ತಂಪಿಲ್ಲ ಎಂಬುದು ಇನ್ನೊಂದು. ಇವೆರಡನ್ನು ಬೇರ್ಪಡಿಸಿದರೆ ಅರ್ಧ ಕೆಲಸ ಮುಗಿದಂತೆ.

ಬ್ಲೋವರನ್ನು ಒಂದರಿಂದ ನಾಲ್ಕರವರೆಗೆ ತಿರುಗಿಸಿ ನೋಡಿ. ಕೊನೆಯ ವೇಗದಲ್ಲಿ ಮಾತ್ರ ಗಾಳಿ ಬಂದು ಉಳಿದ ವೇಗಗಳಲ್ಲಿ ಏನೂ ಇಲ್ಲದಿದ್ದರೆ ಬ್ಲೋವರ್ ರೆಸಿಸ್ಟರ್ ಸುಟ್ಟಿದೆ. ಕಡಿಮೆ ವೇಗಗಳಿಗೆ ವಿದ್ಯುತ್ ಹೋಗುವುದು ಆ ರೆಸಿಸ್ಟರಿನ ಮೂಲಕ, ಕೊನೆಯ ವೇಗಕ್ಕೆ ನೇರವಾಗಿ. ಹೊಸದರ ಬೆಲೆ ಹೆಚ್ಚೇನಿಲ್ಲ. ಆದರೆ ಅದು ಏಕೆ ಸುಟ್ಟಿತು ಎಂದು ಕೇಳದಿದ್ದರೆ ಹೊಸದೂ ಸುಡುತ್ತದೆ: ಬೇರಿಂಗ್ ಬಿಗಿಯಾದ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತಿರಬಹುದು. ಆಟೊಮ್ಯಾಟಿಕ್ ಎ.ಸಿ. ಇರುವ ಕಾರುಗಳಲ್ಲಿ ರೆಸಿಸ್ಟರಿನ ಬದಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ. ಯಾವ ವೇಗದಲ್ಲಿಯೂ ಗಾಳಿ ಇಲ್ಲದಿದ್ದರೆ ಮೊದಲು ಫ್ಯೂಸ್, ನಂತರ ಮೋಟಾರಿನ ಕನೆಕ್ಟರಿನಲ್ಲಿ 12 ವೋಲ್ಟ್ ಇದೆಯೇ ಎಂಬುದನ್ನು ನೋಡಿ. ವೋಲ್ಟೇಜ್ ಇದ್ದೂ ಮೋಟಾರ್ ತಿರುಗದಿದ್ದರೆ ಅದರ ಗ್ರೌಂಡ್ ತಂತಿಯನ್ನೂ ನೋಡಿ. ಅದೂ ಸರಿಯಿದ್ದರೆ ದೋಷ ಮೋಟಾರಿನದ್ದು.

ಬ್ಲೋವರ್ ಭೋರ್ಗರೆಯುತ್ತಿದ್ದರೂ ಗಾಳಿ ಸಣ್ಣಗಿದ್ದರೆ ಕ್ಯಾಬಿನ್ ಫಿಲ್ಟರ್ ತೆಗೆಯಿರಿ. ಅನೇಕ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದಿದೆ. ಬಿಳಿಯಿದ್ದದ್ದು ಕಪ್ಪು ಕಂಬಳಿಯಂತಾಗಿದ್ದರೆ ಉತ್ತರ ಸಿಕ್ಕಿತು. ಫಿಲ್ಟರ್ ತೆಗೆದು ಓಡಿಸಿದಾಗ ಗಾಳಿ ಹೆಚ್ಚಿದರೆ ಬೇರೆ ಪುರಾವೆ ಬೇಡ. ಮರದ ಕೆಳಗೆ ನಿಲ್ಲಿಸುವ ಕಾರಾದರೆ ಒಳಗೆ ಇಲಿಯ ಗೂಡು ಇರುವ ಸಾಧ್ಯತೆಯನ್ನು ಮರೆಯಬೇಡಿ. ಹತ್ತಿ, ಕಾಗದದ ಚೂರು, ಒಣ ಎಲೆಗಳ ಜೊತೆ ಕಡಿದ ತಂತಿಯೂ ಸಿಗುವುದುಂಟು.

ತಂಪನ್ನು ಅಳೆಯುವುದು

ಅನುಭವದ ಮಾತು ಬೇಡ, ಅಂಕಿ ಬೇಕು. ಬಿಸಿಲಿನಲ್ಲಿ ನಿಂತಿದ್ದ ಕಾರಾದರೆ ಕಿಟಕಿ ತೆರೆದು ಒಳಗಿನ ಕಾವು ಹೊರಹೋಗಲು ಬಿಡಿ. ನಂತರ ಕಿಟಕಿ ಮುಚ್ಚಿ, ಒಳಗಾಳಿ ಸುತ್ತುವ ಬಟನ್ ಒತ್ತಿ, ತಾಪಮಾನವನ್ನು ಪೂರ್ತಿ ತಂಪಿಗೆ, ಬ್ಲೋವರನ್ನು ಪೂರ್ತಿ ವೇಗಕ್ಕೆ ಇಟ್ಟು, ಎಂಜಿನ್ನನ್ನು ನಿಮಿಷಕ್ಕೆ 1500 ಸುತ್ತಿನಲ್ಲಿ ಹತ್ತು ನಿಮಿಷ ಓಡಿಸಿ. ಥರ್ಮಾಮೀಟರನ್ನು ನಡುವಿನ ವೆಂಟಿನೊಳಗೆ ಸಿಕ್ಕಿಸಿ. ಹೊರಗೆ 30 ಡಿಗ್ರಿ ಇರುವ ಬೆಂಗಳೂರಿನಲ್ಲಿ 5ರಿಂದ 9 ಡಿಗ್ರಿ ಬಂದರೆ ವ್ಯವಸ್ಥೆ ಆರೋಗ್ಯವಾಗಿದೆ. 40 ದಾಟಿದ ಕಲಬುರಗಿಯಲ್ಲಿ ಇನ್ನೂ ಮೂರು ನಾಲ್ಕು ಡಿಗ್ರಿ ಹೆಚ್ಚು ಬಂದರೆ ಗಾಬರಿ ಬೇಡ. ಮಂಗಳೂರಿನ ತೇವದ ಗಾಳಿಯಲ್ಲಿಯೂ ಹಾಗೆಯೇ: ಗಾಳಿಯ ತೇವವನ್ನು ನೀರಾಗಿಸುವುದಕ್ಕೇ ತಂಪಿನ ಬಹುಭಾಗ ವ್ಯಯವಾಗುತ್ತದೆ. ಬಂದ ಅಂಕಿಯನ್ನು ದಿನಾಂಕ ಮತ್ತು ಹೊರಗಿನ ತಾಪಮಾನದೊಂದಿಗೆ ಬರೆದಿಟ್ಟುಕೊಳ್ಳಿ. ದುರಸ್ತಿಯ ನಂತರ ಬೇಕಾಗುತ್ತದೆ.

ಅಂಕಿ ಕೆಟ್ಟದಾಗಿದ್ದರೆ ಬಾನೆಟ್ ತೆರೆಯಿರಿ. ಸಹಾಯಕ್ಕೆ ಒಬ್ಬರು ಒಳಗೆ ಕೂತು ಎ.ಸಿ. ಬಟನ್ ಒತ್ತಲಿ. ಕ್ಲಚ್ (ಕಂಪ್ರೆಸರನ್ನು ಬೆಲ್ಟಿನ ಪುಲ್ಲಿಗೆ ಜೋಡಿಸುವ, ಬಿಡಿಸುವ ಭಾಗ) ಇರುವ ಕಂಪ್ರೆಸರ್ ಆದರೆ 'ಟಕ್' ಎಂಬ ಸದ್ದು ಕೇಳಬೇಕು, ಪುಲ್ಲಿಯ ಮುಂದಿನ ತಟ್ಟೆ ತಿರುಗತೊಡಗಬೇಕು, ಎಂಜಿನ್ನಿನ ಸ್ವರ ತುಸು ಬದಲಾಗಬೇಕು, ಫ್ಯಾನ್ ಓಡಬೇಕು. ಈಗ ಗ್ಯಾಸ್ ಕೊಳವೆಗಳನ್ನು ಬೆರಳ ತುದಿಯಿಂದ ಮುಟ್ಟಿ ನೋಡಿ. ಡ್ಯಾಶ್‌ಬೋರ್ಡಿನಿಂದ ಕಂಪ್ರೆಸರಿಗೆ ಮರಳುವ ದಪ್ಪ ಕೊಳವೆ ತಣ್ಣಗಿದ್ದು ಬೆವರಿರಬೇಕು. ತೆಳು ಕೊಳವೆ ಬಿಸಿಯಾಗಿರಬೇಕು. ಕಂಪ್ರೆಸರಿನಿಂದ ಹೊರಡುವ ಕೊಳವೆ ಸುಡುವಷ್ಟು ಬಿಸಿಯಿರುವುದರಿಂದ ಅದನ್ನು ಹಿಡಿಯದೆ ಹತ್ತಿರದಿಂದ ಕಾವನ್ನಷ್ಟೇ ಗಮನಿಸಿ.

ದಪ್ಪ ಕೊಳವೆ ತಣ್ಣಗೆ ಬೆವರುತ್ತಿದೆ, ಆದರೂ ಒಳಗೆ ಬೆಚ್ಚನೆಯ ಗಾಳಿ. ಹಾಗಿದ್ದರೆ ಗ್ಯಾಸಿನ ಕಡೆಗೆ ನೋಡಲೇಬೇಡಿ. ತಂಪು ತಯಾರಾಗುತ್ತಿದೆ, ದಾರಿಯಲ್ಲಿ ಬಿಸಿಯೊಂದಿಗೆ ಬೆರೆಯುತ್ತಿದೆ. ಅದೇ ಬೆರಕೆ ಬಾಗಿಲಿನ ತೊಂದರೆ. ತಾಪಮಾನದ ಗುಂಡಿಯನ್ನು ಪೂರ್ತಿ ತಂಪಿನಿಂದ ಪೂರ್ತಿ ಬಿಸಿಗೆ ತಿರುಗಿಸುತ್ತಾ ಕಿವಿಗೊಡಿ. ಬಾಗಿಲು ಎರಡೂ ತುದಿಗಳಲ್ಲಿ ಮೆಲ್ಲಗೆ ಬಡಿದು ನಿಲ್ಲುವ ಸದ್ದು ಬರಬೇಕು. ಡ್ಯಾಶ್‌ಬೋರ್ಡಿನ ಹಿಂದೆ 'ಟಿಕ್ ಟಿಕ್' ಎಂದು ಎಡೆಬಿಡದೆ ಕೇಳಿಸಿದರೆ ಬಾಗಿಲು ತಿರುಗಿಸುವ ಪುಟ್ಟ ಮೋಟಾರಿನ ಪ್ಲಾಸ್ಟಿಕ್ ಹಲ್ಲುಗಳು ಸವೆದಿವೆ. ಹಳೆಯ ಕಾರುಗಳಲ್ಲಿ ಮೋಟಾರಿನ ಬದಲು ಕೇಬಲ್ ಇರುತ್ತದೆ, ಅದು ಕ್ಲಿಪ್ಪಿನಿಂದ ಜಾರಿರಬಹುದು.

ಕಂಪ್ರೆಸರ್ ತಿರುಗದಿದ್ದರೆ

ಇಲ್ಲಿಯೂ ಅಗ್ಗದಿಂದ ದುಬಾರಿಯ ಕಡೆಗೆ ನಡೆಯಿರಿ. ಮೊದಲು ಫ್ಯೂಸ್. ನಂತರ ಎ.ಸಿ. ರಿಲೇ, ಅಂದರೆ ವಿದ್ಯುತ್ತಿನಿಂದ ಆನ್-ಆಫ್ ಆಗುವ ಸ್ವಿಚ್: ಅದೇ ಪೆಟ್ಟಿಗೆಯಲ್ಲಿ ಅದೇ ಸಂಖ್ಯೆಯ ಇನ್ನೊಂದು ರಿಲೇ ಇದ್ದರೆ, ಎಂಜಿನ್ ನಿಲ್ಲಿಸಿ ಎರಡನ್ನೂ ಅದಲು ಬದಲು ಮಾಡಿದರೆ ಒಂದು ನಿಮಿಷದಲ್ಲಿ ತೀರ್ಮಾನ. ಆಮೇಲೆ ಕ್ಲಚ್ ಕಾಯಿಲ್‌ನ ಕನೆಕ್ಟರಿನಲ್ಲಿ ವೋಲ್ಟೇಜ್ ಅಳೆಯಿರಿ. 12 ವೋಲ್ಟ್ ಬರುತ್ತಿದ್ದರೂ ಕ್ಲಚ್ ಹಿಡಿಯದಿದ್ದರೆ ಕಾಯಿಲ್‌ನ ರೆಸಿಸ್ಟೆನ್ಸ್ ನೋಡಿ. ಸಾಮಾನ್ಯವಾಗಿ 3ರಿಂದ 5 ಓಮ್ ಇರುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ. ಬೆಳಗ್ಗೆ ಹಿಡಿದು ಮಧ್ಯಾಹ್ನದ ಬಿಸಿಗೆ ಬಿಟ್ಟುಬಿಡುವ ಕ್ಲಚ್ಚಿನಲ್ಲಿ ತಟ್ಟೆ ಮತ್ತು ಪುಲ್ಲಿಯ ನಡುವಿನ ಅಂತರ ಸವೆದು ಹಿಗ್ಗಿರುವ ಸಂಭವ ಹೆಚ್ಚು. ಈ ಅಂತರ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿರಬೇಕು. ಹಲವು ಮಾದರಿಗಳಲ್ಲಿ ತಟ್ಟೆಯ ಹಿಂದಿನ ತೆಳು ವಾಷರ್ ತೆಗೆದು ಅದನ್ನು ಸರಿಪಡಿಸಬಹುದು. ಇಡೀ ಕಂಪ್ರೆಸರ್ ಬದಲಾಯಿಸಬೇಕು ಎಂದು ಹೇಳಿದವರ ಮುಂದೆ ಈ ಅಂತರ ಅಳೆದಿರಾ ಎಂದು ಧೈರ್ಯವಾಗಿ ಕೇಳಿ.

ಕ್ಲಚ್‌ಗೆ ವೋಲ್ಟೇಜೇ ಬರದಿದ್ದರೆ ಯಾರೋ ಅದನ್ನು ತಡೆಯುತ್ತಿದ್ದಾರೆ, ಅದೂ ಒಳ್ಳೆಯ ಕಾರಣಕ್ಕೆ. ಗ್ಯಾಸ್ ತೀರಾ ಕಡಿಮೆಯಿದ್ದರೆ ಅಥವಾ ಒತ್ತಡ ಮಿತಿಮೀರಿದರೆ ಪ್ರೆಷರ್ ಸ್ವಿಚ್ ಕಂಪ್ರೆಸರನ್ನು ನಿಲ್ಲಿಸುತ್ತದೆ. ಎಂಜಿನ್ ಹೆಚ್ಚು ಬಿಸಿಯಾದರೆ ಕಾರಿನ ಕಂಪ್ಯೂಟರ್ ಎ.ಸಿ.ಯನ್ನು ಕಡಿಯುತ್ತದೆ. ಕೂಲಿಂಗ್ ಕಾಯಿಲ್‌ನ ಸೆನ್ಸರ್ ಕೆಟ್ಟಿದ್ದರೂ ಹೀಗೆಯೇ. ಪ್ರೆಷರ್ ಸ್ವಿಚ್ಚಿನ ತಂತಿಗಳನ್ನು ನೇರವಾಗಿ ಜೋಡಿಸಿ ಕಂಪ್ರೆಸರ್ ಓಡಿಸುವ ಅಭ್ಯಾಸ ಕೆಲವೆಡೆ ಇದೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುತ್ತದೆ. ಗ್ಯಾಸಿಲ್ಲದೆ ಓಡಿದ ಕಂಪ್ರೆಸರ್ ಒಣಗಿ ಸವೆದು, ತನ್ನ ಲೋಹದ ಪುಡಿಯನ್ನು ಇಡೀ ವ್ಯವಸ್ಥೆಗೆ ಹಂಚುತ್ತದೆ. ಹೊಸ ಕಾರುಗಳ ಕೆಲವು ಕಂಪ್ರೆಸರುಗಳಲ್ಲಿ ಕ್ಲಚ್ಚೇ ಇಲ್ಲ, ಸದಾ ತಿರುಗುತ್ತಾ ಒಳಗಿನ ವಾಲ್ವ್‌ನಿಂದ ಹೆಚ್ಚು ಕಡಿಮೆಯಾಗುತ್ತವೆ. ಅವುಗಳಿಗೆ ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಬೇಕು.

ಒಮ್ಮೆ ತಂಪು, ಒಮ್ಮೆ ಇಲ್ಲ

ಬಂದು ಹೋಗುವ ದೋಷವೇ ಎಲ್ಲಕ್ಕಿಂತ ಹೆಚ್ಚು ಮಾತನಾಡುತ್ತದೆ. ಯಾವಾಗ ಬಂತು, ಯಾವಾಗ ಹೋಯಿತು ಎಂಬುದನ್ನು ಗಮನಿಸಿದರೆ ಸಾಕು.

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಾಗ ಬೆಚ್ಚಗಾಗಿ, ತುಮಕೂರು ಹೆದ್ದಾರಿಯಲ್ಲಿ ಓಡುವಾಗ ತಣ್ಣಗಾಗುವ ಕಾರಿನ ಕಂಡೆನ್ಸರಿಗೆ ಗಾಳಿ ಸಾಲುತ್ತಿಲ್ಲ. ಓಡುವಾಗ ಎದುರುಗಾಳಿ ಫ್ಯಾನಿನ ಕೆಲಸ ಮಾಡುತ್ತದೆ, ನಿಂತಾಗ ಫ್ಯಾನ್ ಒಂದೇ ಗತಿ. ಎ.ಸಿ. ಹಾಕಿದಾಗ ಅದು ಓಡುತ್ತಿದೆಯೇ, ಸರಿಯಾದ ವೇಗದಲ್ಲಿ ಓಡುತ್ತಿದೆಯೇ ನೋಡಿ. ಫ್ಯಾನ್ ಸರಿಯಿದ್ದರೆ ಕಂಡೆನ್ಸರಿನ ಸಂದುಗಳನ್ನು ಟಾರ್ಚಿನಿಂದ ನೋಡಿ. ಬಳ್ಳಾರಿ, ಸಂಡೂರು ಕಡೆ ಓಡಾಡುವ ಕಾರುಗಳಲ್ಲಿ ಕೆಂಪು ಅದಿರಿನ ಧೂಳು ಮಳೆನೀರಿನೊಡನೆ ಕಲೆತು ಗಾರೆಯಂತೆ ಕೂತಿರುತ್ತದೆ. ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಕಾರು ನಿಂತಲ್ಲೇ ಓಡುತ್ತಿರುವಾಗ ಗ್ರಿಲ್ಲಿನ ಮುಂಭಾಗದಿಂದ ಕಂಡೆನ್ಸರಿನ ಮೇಲೆ ಮಾತ್ರ ನೀರನ್ನು ತುಂತುರಾಗಿ ಸಿಂಪಡಿಸಿ. ಒಂದೆರಡು ನಿಮಿಷದಲ್ಲಿ ವೆಂಟಿನ ತಾಪಮಾನ ಸರ್ರನೆ ಇಳಿದರೆ ದೋಷ ಇರುವುದು ಶಾಖ ಹೊರಹಾಕುವಲ್ಲಿ. ತೊಳೆಯುವಾಗ ಮೆದುವಾದ ನೀರಿನ ಧಾರೆ ಸಾಕು. ಸರ್ವಿಸ್ ಸ್ಟೇಷನ್ನಿನ ಜೋರು ಧಾರೆಗೆ ಆ ತೆಳು ರೆಕ್ಕೆಗಳು ಮಡಚಿ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ.

ಇದಕ್ಕೆ ತದ್ವಿರುದ್ಧವಾದ ಲಕ್ಷಣವೂ ಉಂಟು. ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿಯುವಾಗ ಮೊದಲ ಒಂದು ಗಂಟೆ ಚೆನ್ನಾಗಿ ತಂಪು ಬಂದು, ನಂತರ ಗಾಳಿ ಕ್ರಮೇಣ ಕುಗ್ಗಿ, ಎ.ಸಿ. ಆರಿಸಿ ಹದಿನೈದು ನಿಮಿಷ ಬಿಟ್ಟರೆ ಮತ್ತೆ ಸರಿಯಾಗುತ್ತದೆ. ಕೂಲಿಂಗ್ ಕಾಯಿಲ್‌ನ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ. ಕಾಯಿಲ್ ಸೊನ್ನೆಗೆ ಇಳಿಯುವ ಮೊದಲೇ ಕಂಪ್ರೆಸರನ್ನು ನಿಲ್ಲಿಸಬೇಕಾದ ಸೆನ್ಸರ್ ಜಾಗದಿಂದ ಜಾರಿರಬಹುದು ಅಥವಾ ಕೊಳಕು ಫಿಲ್ಟರಿನಿಂದ ಗಾಳಿ ಕಡಿಮೆಯಾಗಿರಬಹುದು. ಕ್ಲಚ್ ಕೆಲವೇ ಸೆಕೆಂಡಿಗೊಮ್ಮೆ ಹಿಡಿದು ಬಿಡುತ್ತಿದ್ದರೆ ಮಾತ್ರ ಗ್ಯಾಸ್ ಕೊರತೆಯ ಅನುಮಾನ ಬಲವಾಗುತ್ತದೆ. ಒಂದು ಬದಿಯ ವೆಂಟ್ ತಣ್ಣಗೆ, ಇನ್ನೊಂದು ಬೆಚ್ಚಗೆ ಇರುವುದೂ ಹಲವು ಸಲ ಅದರದ್ದೇ ಸೂಚನೆ: ಇರುವ ಚೂರು ದ್ರವ ಕಾಯಿಲ್‌ನ ಒಂದು ಭಾಗವನ್ನಷ್ಟೇ ತಂಪಾಗಿಸುತ್ತಿರುತ್ತದೆ.

ಗೇಜ್ ಹೇಳುವುದು, ಹೇಳದಿರುವುದು

ಈಗ ಮೆಕ್ಯಾನಿಕ್ಕಿನ ಸರದಿ. ನೀಲಿ ಗೇಜ್ ಕಡಿಮೆ ಒತ್ತಡದ ಬದಿಗೆ, ಕೆಂಪು ಹೆಚ್ಚು ಒತ್ತಡದ ಬದಿಗೆ. ಎಂಜಿನ್ ನಿಂತು ಬಹಳ ಹೊತ್ತಾಗಿದ್ದರೆ ಎರಡೂ ಒಂದೇ ಅಂಕಿ ತೋರಿಸಬೇಕು. ಆರ್-134ಎ ಇದ್ದು 30 ಡಿಗ್ರಿ ವಾತಾವರಣವಾದರೆ ಸುಮಾರು 95ರಿಂದ 100 ಪಿಎಸ್‌ಐ (ಒತ್ತಡದ ಅಳತೆ). ಇಲ್ಲಿ ಒಂದು ಸೂಕ್ಷ್ಮ ಅರ್ಥಮಾಡಿಕೊಳ್ಳಬೇಕು. ಅಡುಗೆ ಅನಿಲದ ಸಿಲಿಂಡರ್ ಅರ್ಧ ಖಾಲಿಯಾದರೂ ಒಲೆಯ ಉರಿ ಕುಗ್ಗುವುದಿಲ್ಲ, ಅಲ್ಲವೇ? ಒಳಗೆ ದ್ರವ ಉಳಿದಿರುವವರೆಗೆ ಒತ್ತಡವನ್ನು ನಿರ್ಧರಿಸುವುದು ತಾಪಮಾನವೇ ಹೊರತು ಪ್ರಮಾಣವಲ್ಲ. ಕಾರಿನಲ್ಲಿಯೂ ಹಾಗೆಯೇ. ಆದ್ದರಿಂದ ನಿಂತ ಕಾರಿನ ಒತ್ತಡ ನೋಡಿ "ಗ್ಯಾಸ್ ಸರಿಯಿದೆ" ಎಂದು ಹೇಳಲಾಗದು. ತೀರಾ ಕೆಳಗಿದ್ದರೆ ಖಾಲಿಯಾಗಿದೆ ಎಂದು ಮಾತ್ರ ಹೇಳಬಹುದು.

ಎಂಜಿನ್ ಓಡುವಾಗ, ಹೊರಗೆ 30ರಿಂದ 35 ಡಿಗ್ರಿ ಇದ್ದರೆ ನೀಲಿಯಲ್ಲಿ 30ರಿಂದ 40, ಕೆಂಪಿನಲ್ಲಿ 180ರಿಂದ 250 ಪಿಎಸ್‌ಐ ಸಾಮಾನ್ಯ. ಎರಡೂ ಕಡಿಮೆಯಿದ್ದರೆ ಗ್ಯಾಸ್ ಕಡಿಮೆ. ಎರಡೂ ಹೆಚ್ಚಿದ್ದರೆ ಗ್ಯಾಸ್ ಹೆಚ್ಚು ತುಂಬಿದೆ, ಇಲ್ಲವೇ ಕಂಡೆನ್ಸರ್ ಶಾಖ ಬಿಡುತ್ತಿಲ್ಲ, ಇಲ್ಲವೇ ಒಳಗೆ ಗಾಳಿ ಸೇರಿದೆ. ನೀಲಿ ಗೇಜ್ ಸೊನ್ನೆಯ ಕೆಳಗೆ ಜಾರಿದರೆ ಎಕ್ಸ್‌ಪಾನ್ಷನ್ ವಾಲ್ವ್ ಕಟ್ಟಿಕೊಂಡಿದೆ ಅಥವಾ ಒಳಗಿನ ತೇವ ಅಲ್ಲಿ ಮಂಜಾಗಿದೆ. ನೀಲಿ ಹೆಚ್ಚು, ಕೆಂಪು ಕಡಿಮೆ ಇದ್ದಾಗ ಮಾತ್ರ ಕಂಪ್ರೆಸರ್ ಸೋತಿದೆ ಎಂಬ ಮಾತಿಗೆ ಬಲ ಬರುತ್ತದೆ.

ಸೋರಿಕೆ ಇದ್ದರೆ ಅದು ತನ್ನ ಗುರುತು ಬಿಟ್ಟಿರುತ್ತದೆ, ಏಕೆಂದರೆ ಗ್ಯಾಸ್ ಹೊರಗೆ ಬರುವಾಗ ಎಣ್ಣೆಯನ್ನೂ ತರುತ್ತದೆ. ಧೂಳು ಮೆತ್ತಿದ ಎಣ್ಣೆ ಕಲೆಯನ್ನು ಕೊಳವೆಗಳ ಜೋಡಣೆ, ಕಂಡೆನ್ಸರಿನ ಅಂಚು, ಕಂಪ್ರೆಸರಿನ ಮುಂಭಾಗಗಳಲ್ಲಿ ಹುಡುಕಿ. ಕಣ್ಣಿಗೆ ಕಾಣದ್ದಕ್ಕೆ ನೈಟ್ರೋಜನ್ ತುಂಬಿಸಿ ಸೋಪಿನ ನೀರು ಹಚ್ಚುತ್ತಾರೆ, ಇಲ್ಲವೇ ಬಣ್ಣ ಬೆರೆಸಿ ನೇರಳಾತೀತ ಬೆಳಕಿನಲ್ಲಿ ನೋಡುತ್ತಾರೆ. ಕೂಲಿಂಗ್ ಕಾಯಿಲ್ ಒಳಗಿರುವುದರಿಂದ ಅದರ ಸೋರಿಕೆ ನೀರು ಹೊರಬರುವ ನಳಿಕೆಯ ಬಾಯಲ್ಲಿ ಸಿಗುತ್ತದೆ.

ದುರಸ್ತಿಯಾದ ಮೇಲೆ ಒಳಗಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್ ಕನಿಷ್ಠ ಅರ್ಧ ಗಂಟೆ ಓಡಬೇಕು, ಪಂಪ್ ನಿಲ್ಲಿಸಿದ ಮೇಲೆ ಹದಿನೈದು ನಿಮಿಷ ಮುಳ್ಳು ಅಲುಗಬಾರದು. ಸಮುದ್ರಮಟ್ಟದ ಮಂಗಳೂರಿನಲ್ಲಿ ಗೇಜ್ ಪಾದರಸದ 29 ಇಂಚಿನ ಆಚೆಗೂ ಇಳಿಯುತ್ತದೆ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾಯುಒತ್ತಡವೇ ಕಡಿಮೆ, ಅಲ್ಲಿ 27ರ ಆಸುಪಾಸಿನಲ್ಲಿ ನಿಂತರೆ ಪಂಪಿನ ತಪ್ಪಲ್ಲ. ನಂತರ ಗ್ಯಾಸನ್ನು ತೂಕ ಮಾಡಿಯೇ ತುಂಬಬೇಕು. ಎಷ್ಟು ಗ್ರಾಂ ಎಂಬುದು ಬಾನೆಟ್ಟಿನ ಕೆಳಗಿನ ಸ್ಟಿಕ್ಕರಿನಲ್ಲಿದೆ. ಸಣ್ಣ ಕಾರುಗಳಿಗೆ ಅರ್ಧ ಕಿಲೋವೂ ಬೇಡ, ಹಾಗಾಗಿ 50 ಗ್ರಾಂ ಏರುಪೇರು ದೊಡ್ಡದೇ. ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಿಂದ ಹಿಂದಕ್ಕೆ ಎಳೆದುಕೊಳ್ಳಲು ಹೇಳಿ: ಒಂದು ಕಿಲೋ ಆರ್-134ಎ ನೂರು ವರ್ಷಗಳ ಲೆಕ್ಕದಲ್ಲಿ 1400 ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ.

ಹೀಟರ್, ಮಂಜು, ನೀರು

ಮಡಿಕೇರಿಯ ಜನವರಿಯ ಬೆಳಗಿನಲ್ಲಿ ಹೀಟರ್ ಬೆಚ್ಚಗಾಗದಿದ್ದರೆ ಮೊದಲು ಎಂಜಿನ್ನಿನ ತಾಪಮಾನದ ಮುಳ್ಳು ನೋಡಿ. ಎಷ್ಟು ಓಡಿಸಿದರೂ ಅದು ನಡುವಿಗೆ ಬರದಿದ್ದರೆ ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ತೆರೆದೇ ನಿಂತಿದೆ. ಮುಳ್ಳು ಸರಿಯಿದ್ದರೆ ಎಂಜಿನ್ ಬಿಸಿಯಿರುವಾಗ ಡ್ಯಾಶ್‌ಬೋರ್ಡಿನ ಕಡೆ ಹೋಗುವ ಎರಡು ಹೀಟರ್ ಹೋಸ್‌ಗಳ ಕಾವು ಹೋಲಿಸಿ. ಎರಡೂ ಬಿಸಿಯಿದ್ದರೆ ಬೆರಕೆ ಬಾಗಿಲು ಸಿಕ್ಕಿಕೊಂಡಿದೆ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಹೀಟರ್ ಕೋರ್ ಕಟ್ಟಿಕೊಂಡಿದೆ, ಅಥವಾ ಅದಕ್ಕೆ ವಾಲ್ವ್ ಇದ್ದರೆ ಅದು ಮುಚ್ಚಿದೆ. ಎರಡೂ ತಣ್ಣಗಿದ್ದರೆ ಕೂಲೆಂಟ್ ಕಡಿಮೆ, ಇಲ್ಲವೇ ಒಳಗೆ ಗಾಳಿ ಸೇರಿದೆ. ರೇಡಿಯೇಟರಿಗೆ ಕೊಳವೆಬಾವಿಯ ಗಡಸು ನೀರು ಸುರಿಯುವ ರೂಢಿಯೇ ಹೀಟರ್ ಕೋರ್ ಕಟ್ಟುವುದಕ್ಕೆ ದೊಡ್ಡ ಕಾರಣ. ನೀರು ಕಾಯಿಸುವ ಪಾತ್ರೆಯ ತಳದ ಬಿಳಿ ಪದರವೇ ಅಲ್ಲಿಯೂ ಕೂರುತ್ತದೆ.

ಎಡಸೀಟಿನ ಕಾಲ ಬಳಿ ಚಾಪೆ ಒದ್ದೆಯಾಗಿದ್ದರೆ ಬೆರಳಿನಿಂದ ಉಜ್ಜಿ ನೋಡಿ. ಬರೀ ನೀರಾದರೆ ಎ.ಸಿ. ನೀರು ಹೊರಹೋಗುವ ನಳಿಕೆ ಎಲೆ, ಮಣ್ಣಿನಿಂದ ಕಟ್ಟಿದೆ. ಜಾರುವ ಅಂಟು, ಸಿಹಿ ವಾಸನೆ, ಮುಂಗಾಜಿನ ಒಳಗೆ ಎಣ್ಣೆಯಂಥ ಪದರ ಇದ್ದರೆ ಹೀಟರ್ ಕೋರ್ ಸೋರುತ್ತಿದೆ. ಕೂಲೆಂಟ್ ವಿಷ, ಮಕ್ಕಳು ಮತ್ತು ಸಾಕುಪ್ರಾಣಿಗಳನ್ನು ದೂರವಿಡಿ, ದುರಸ್ತಿಯನ್ನು ಮುಂದೂಡಬೇಡಿ. ಎ.ಸಿ. ಹಾಕಿದೊಡನೆ ಮುಗ್ಗಲು ವಾಸನೆ ಬಂದರೆ ತೇವದ ಕಾಯಿಲ್‌ನ ಮೇಲೆ ಬೂಷ್ಟು ಬೆಳೆದಿದೆ. ಅದನ್ನು ನೊರೆಯ ಕ್ಲೀನರಿನಿಂದ ತೊಳೆಯಿಸಿ. ಇನ್ನು ಮುಂದೆ ಮನೆ ತಲುಪುವ ಎರಡು ಮೂರು ನಿಮಿಷ ಮೊದಲು ಎ.ಸಿ. ಆರಿಸಿ ಬ್ಲೋವರನ್ನಷ್ಟೇ ಓಡಿಸಿ, ಕಾಯಿಲ್ ಒಣಗುತ್ತದೆ.

ಗಾಜಿಗೆ ಮಂಜು ಹಿಡಿಯುವುದನ್ನು ದೋಷವೆಂದು ತಿಳಿದು ಗ್ಯಾರೇಜಿಗೆ ಬರುವವರಿದ್ದಾರೆ. ಆಗುಂಬೆಯ ಮಳೆಯಲ್ಲಿ ಒಳಗಿನ ಗಾಜು ಮಸುಕಾದರೆ ಎ.ಸಿ. ಹಾಕಿ, ತಾಪಮಾನ ಬೆಚ್ಚಗೆ ಇಟ್ಟು, ಹೊರಗಾಳಿ ಒಳಬರುವಂತೆ ಮಾಡಿ: ಕಾಯಿಲ್ ತೇವ ಹೀರುತ್ತದೆ, ಹೀಟರ್ ಗಾಳಿಯನ್ನು ಮತ್ತೆ ಬೆಚ್ಚಗಾಗಿಸುತ್ತದೆ. ಕರಾವಳಿಯ ಸೆಕೆಯ ರಾತ್ರಿ ಗಾಜಿನ ಹೊರಮೈ ಮಸುಕಾದರೆ ಅದು ಒಳಗಿನ ತಂಪು ಹೆಚ್ಚಾಗಿ ಗಾಜೇ ತಣ್ಣಗಾದುದರ ಫಲ. ವೈಪರ್ ಒಮ್ಮೆ ಆಡಿಸಿ, ತಂಪನ್ನು ಇಳಿಸಿ.

ಗ್ಯಾರೇಜಿನಿಂದ ಕಾರು ಮರಳಿ ಪಡೆಯುವಾಗ ಬಿಲ್ಲಿನಲ್ಲಿ ಗ್ಯಾಸ್ ಎಷ್ಟು ಗ್ರಾಂ, ಯಾವ ಎಣ್ಣೆ ಎಷ್ಟು, ಯಾವ ಓ-ರಿಂಗ್ ಅಥವಾ ಬಿಡಿಭಾಗ ಬದಲಾಯಿತು ಎಂದು ಬರೆಸಿಕೊಳ್ಳಿ. ಅಲ್ಲಿಯೇ, ಹಣ ಕೊಡುವ ಮೊದಲು, ನಡುವಿನ ವೆಂಟಿಗೆ ಮತ್ತೆ ಥರ್ಮಾಮೀಟರ್ ಸಿಕ್ಕಿಸಿ ಹತ್ತು ನಿಮಿಷ ಕಾಯಿರಿ. ಬಂದ ಅಂಕಿಯನ್ನು ಹಿಂದೆ ಬರೆದಿಟ್ಟ ಅಂಕಿಯ ಕೆಳಗೆ ಬರೆಯಿರಿ.